ಆನೆ ಸವರಿದ ಗಿಡ: ಜೇಡ್ ಕುಂಡಕ್ಕೆ ಬಂದ ಕಥೆ

ನರ್ಸರಿಯಲ್ಲಿ ಜೇಡ್ ಗಿಡ ಕೊಡಿ ಎಂದು ಕೇಳಿದರೆ ಎರಡರಲ್ಲಿ ಒಂದು ನಿಮ್ಮ ಕೈಗೆ ಬರುತ್ತದೆ. ಒಂದರ ಎಲೆ ದಪ್ಪ, ಹೆಬ್ಬೆರಳಿನ ಗಾತ್ರ, ಬಿಸಿಲಿಗಿಟ್ಟರೆ ಅಂಚು ಕೆಂಪಾಗುತ್ತದೆ. ಇನ್ನೊಂದರ ಎಲೆ ಉಗುರಿನಷ್ಟು ಪುಟ್ಟದು, ಎಳೆ ಕಾಂಡ ಕೆಂಗಂದು. ಎರಡಕ್ಕೂ ಒಂದೇ ಹೆಸರು. ಮನೆಯ ಯಾವ ಮೂಲೆಯಲ್ಲಿಟ್ಟರೆ ಹಣ ಬರುತ್ತದೆ ಎಂಬ ಸಲಹೆಯೂ ಎರಡಕ್ಕೂ ಒಂದೇ. ಬೊಡ್ಡೆ ದಪ್ಪವಾಗಿ, ಚಪ್ಪಟೆ ಕುಂಡದಲ್ಲಿ ಕೂತಿದ್ದರೆ ಅದು ಬೋನ್ಸಾಯ್, ಬೆಲೆ ಹತ್ತಾರು ಪಟ್ಟು.

ಬೋನ್ಸಾಯ್ ಎಂದ ಕೂಡಲೇ ನಮ್ಮಲ್ಲಿ ಒಂದು ವಾದ ಏಳುತ್ತದೆ. ಮರವಾಗಬೇಕಾದ್ದನ್ನು ಕತ್ತರಿಸಿ ಕುಳ್ಳಾಗಿಸುವುದು ಹಿಂಸೆಯಲ್ಲವೇ ಎಂದು ಕೆಲವರು, ಕಲೆ ಎಂದು ಕೆಲವರು. ಜೇಡ್ ಗಿಡದ ಚರಿತ್ರೆಯನ್ನು ಹುಡುಕಿಕೊಂಡು ಹೋದಾಗ ಈ ವಾದಕ್ಕೆ ನಾವು ಎಣಿಸದ ಒಂದು ತಿರುವು ಸಿಕ್ಕಿತು. ಈ ಗಿಡವನ್ನು ಮನುಷ್ಯ ಕತ್ತರಿ ಹಿಡಿಯುವುದಕ್ಕೆ ಬಹಳ ಮೊದಲೇ ಬೇರೆ ಯಾರೋ ಸವರುತ್ತಿದ್ದರು. ಹಾಗೆ ಸವರಿದ್ದರಿಂದಲೇ ಅದು ಕಾಡಾಗಿತ್ತು. ಇನ್ನೊಂದು ಬಗೆಯಲ್ಲಿ ಸವರಿದ್ದರಿಂದ ಆ ಕಾಡು ಹಾಳಾಯಿತು.

ಎರಡು ಗಿಡ, ಒಂದು ಹೆಸರು

ಮೊದಲು ಹೆಸರಿನ ಗೊಂದಲ ಬಿಡಿಸೋಣ. ದಪ್ಪ ಎಲೆಯದ್ದು ಕ್ರಾಸುಲಾ ಒವಾಟಾ. ಲಂಡನ್ನಿನ ತೋಟಗಾರ ಫಿಲಿಪ್ ಮಿಲ್ಲರ್ 1768ರಲ್ಲಿ ಇದನ್ನು ಬೇರೆ ಕುಲದ ಹೆಸರಿನಡಿ ದಾಖಲಿಸಿದ. ಈಗಿನ ಹೆಸರು ನಿಂತದ್ದು 1917ರಲ್ಲಿ. ಪುಟ್ಟ ಎಲೆಯದ್ದು ಪೋರ್ಚುಲಕೇರಿಯಾ ಆಫ್ರಾ. ವಿಯೆನ್ನಾದ ಸಸ್ಯಶಾಸ್ತ್ರಜ್ಞ ನಿಕೋಲಸ್ ಜಾಕ್ವಿನ್ 1787ರಲ್ಲಿ ಕೊಟ್ಟ ಹೆಸರು ಇದು. ಪೋರ್ಚುಲಕಾ ಎಂದರೆ ನಮ್ಮ ಗೋಣಿಸೊಪ್ಪಿನ ಕುಲ. ಬಯಲುಸೀಮೆಯ ಹೊಲಗಳಲ್ಲಿ ತಾನಾಗಿ ಹಬ್ಬುವ, ಸಾರಿಗೆ, ಪಲ್ಯಕ್ಕೆ ಬಳಸುವ ಅದೇ ಗೋಣಿಸೊಪ್ಪು. ಅಂದರೆ ಜಾಕ್ವಿನ್ ಕೊಟ್ಟ ಹೆಸರಿನ ಅರ್ಥ ಹೆಚ್ಚುಕಡಿಮೆ ‘ಆಫ್ರಿಕಾದ ಗೋಣಿಸೊಪ್ಪಿನಂಥದ್ದು’. ಎಲೆಯ ರಸಭರಿತ ಹುಳಿಯೂ ಅದನ್ನೇ ನೆನಪಿಸುತ್ತದೆ.

ಎರಡೂ ಗಿಡಗಳ ತವರು ದಕ್ಷಿಣ ಆಫ್ರಿಕಾ. ಆದರೆ ಅವು ನೆಂಟರಲ್ಲ, ಬೇರೆ ಬೇರೆ ಕುಟುಂಬದವು. ಈ ವ್ಯತ್ಯಾಸ ಪಂಡಿತರ ತಕರಾರಷ್ಟೇ ಅಲ್ಲ. ಕ್ರಾಸುಲಾ ತಿಂದರೆ ಸಾಕಿದ ನಾಯಿ, ಬೆಕ್ಕಿಗೆ ಹೊಟ್ಟೆ ಕೆಡುತ್ತದೆ. ಪೋರ್ಚುಲಕೇರಿಯಾ ಮಾತ್ರ ದಕ್ಷಿಣ ಆಫ್ರಿಕಾದಲ್ಲಿ ಜನರೂ ದನಕರುಗಳೂ ತಿನ್ನುವ ಸೊಪ್ಪು. ಬೋನ್ಸಾಯ್‌ಗೆ ಹೆಚ್ಚು ಒಗ್ಗುವುದೂ ಇದೇ, ಏಕೆಂದರೆ ಎಲೆ ಚಿಕ್ಕದಿದ್ದಷ್ಟೂ ಪುಟ್ಟ ಗಿಡ ದೊಡ್ಡ ಮರದಂತೆ ಕಾಣುತ್ತದೆ. ನಮ್ಮೂರುಗಳ ಅಂಗಳದಲ್ಲಿ ಜೇಡ್ ಎಂಬ ಹೆಸರಲ್ಲಿ ಹೆಚ್ಚಾಗಿ ಕಾಣುವುದೂ ಇದೇ. ಹಾಗಾಗಿ ಇಲ್ಲಿಂದ ಮುಂದೆ ನಾವು ಹೇಳುವುದೆಲ್ಲ ಈ ಪುಟ್ಟ ಎಲೆಯ ಜೇಡ್ ಬಗ್ಗೆ.

ಇಂಥ ಗಿಡಗಳು ಯುರೋಪಿಗೆ ಹೋದದ್ದು ಹಡಗಿನಲ್ಲಿ. ಇಂಗ್ಲೆಂಡಿನ ಕ್ಯೂ ಉದ್ಯಾನ 1772ರಲ್ಲಿ ಫ್ರಾನ್ಸಿಸ್ ಮ್ಯಾಸನ್ ಎಂಬ ತೋಟಗಾರನನ್ನು ಗಿಡ ಸಂಗ್ರಹಕ್ಕೆಂದೇ ಕೇಪ್ ಪ್ರಾಂತ್ಯಕ್ಕೆ ಕಳಿಸಿತು. ಅವನು ಈಸ್ಟರ್ನ್ ಕೇಪ್‌ನಿಂದ ತಂದ ಒಂದು ಸೈಕಾಡ್ ಗಿಡ ಇಂದಿಗೂ ಕ್ಯೂನಲ್ಲಿ ಬದುಕಿದೆ. ಜಗತ್ತಿನ ಅತಿ ಹಳೆಯ ಕುಂಡದ ಗಿಡ ಎಂದು ಅದನ್ನು ಕರೆಯುತ್ತಾರೆ. ತಿಂಗಳುಗಟ್ಟಲೆ ಸಮುದ್ರಯಾನದಲ್ಲಿ ಸಿಹಿನೀರು ಮನುಷ್ಯರಿಗೇ ಸಾಲದು, ಗಿಡಕ್ಕೆ ಯಾರು ಹಾಕುತ್ತಾರೆ? ಕಾಂಡ, ಎಲೆಯಲ್ಲೇ ನೀರು ಕೂಡಿಟ್ಟುಕೊಂಡು ಬರುವ ಗಿಡಗಳಿಗೆ ಆ ಪಯಣದಲ್ಲಿ ಅನುಕೂಲವಿತ್ತು. ಮುರಿದ ಒಂದು ಕಡ್ಡಿ ಬದುಕಿದರೂ ಸಾಕು, ಅದರಿಂದ ನೂರು ಗಿಡ.

ಆನೆಯ ಕತ್ತರಿ

ಈ ಗಿಡಕ್ಕೆ ತವರಿನ ಹೆಸರು ಸ್ಪೆಕ್‌ಬೂಮ್. ಆಫ್ರಿಕಾನ್ಸ್ ಭಾಷೆಯಲ್ಲಿ ಸ್ಪೆಕ್ ಎಂದರೆ ಹಂದಿಯ ಕೊಬ್ಬು, ಬೂಮ್ ಎಂದರೆ ಮರ. ಕೊಬ್ಬಿದ ಎಲೆಯ ಮರ ಎಂದಿಟ್ಟುಕೊಳ್ಳಿ. ಈಸ್ಟರ್ನ್ ಕೇಪ್‌ನ ಒಣ ಕಣಿವೆಗಳಲ್ಲಿ, ಅನೇಕ ಕಡೆ ವರ್ಷಕ್ಕೆ 250ರಿಂದ 350 ಮಿ.ಮೀ. ಮಳೆಯಷ್ಟೇ ಬೀಳುವಲ್ಲಿ, ಅದು ಆಳೆತ್ತರಕ್ಕೂ ಮೀರಿ ಬೆಳೆದು ಒಳನುಗ್ಗಲಾಗದಷ್ಟು ದಟ್ಟ ಪೊದೆಗಾಡಾಗುತ್ತದೆ. ನಮ್ಮ ಚಳ್ಳಕೆರೆ, ಪಾವಗಡಗಳಿಗಿಂತಲೂ ಕಡಿಮೆ ಮಳೆಯಲ್ಲಿ ಇಷ್ಟು ಹಸಿರು ಹೇಗೆ? ಬರ ಬಂದಾಗ ಸ್ಪೆಕ್‌ಬೂಮ್ ಉಸಿರಾಟದ ಪಾಳಿಯನ್ನೇ ಬದಲಿಸಿಕೊಳ್ಳುತ್ತದೆ. ಹಗಲು ಎಲೆಯ ರಂಧ್ರ ಮುಚ್ಚಿಟ್ಟುಕೊಂಡು ರಾತ್ರಿ ತಂಪಿನಲ್ಲಿ ತೆರೆಯುತ್ತದೆ. ರಾತ್ರಿ ಹೀರಿದ ಇಂಗಾಲದ ಡೈ ಆಕ್ಸೈಡನ್ನು ಆಮ್ಲವಾಗಿ ಕೂಡಿಟ್ಟುಕೊಂಡು ಹಗಲು ಬಿಸಿಲಿನಲ್ಲಿ ಆಹಾರ ಮಾಡಿಕೊಳ್ಳುತ್ತದೆ. ಹಾಗಾಗಿ ಆ ದಿನಗಳಲ್ಲಿ ಎಲೆ ಬೆಳಿಗ್ಗೆ ಹೆಚ್ಚು ಹುಳಿ, ಸಂಜೆಗೆ ಕಡಿಮೆ.

ಈ ಕಾಡಿನ ದೊಡ್ಡ ಗಿರಾಕಿ ಆನೆ. ಆನೆ ಮೇಯುವುದು ಮೇಲಿನಿಂದ. ಸೊಂಡಿಲು ಚಾಚಿ ತುದಿಯ ಕೊಂಬೆ ಮುರಿಯುತ್ತದೆ, ಅರ್ಧ ತಿನ್ನುತ್ತದೆ, ಅರ್ಧ ಕೆಳಗೆ ಬೀಳಿಸುತ್ತದೆ. ಬಿದ್ದ ತುಂಡು ಅಲ್ಲೇ ಬೇರು ಬಿಡುತ್ತದೆ. ತುದಿ ಹೋದ ಕೊಂಬೆ ಕೆಳಗಿನ ಗೆಣ್ಣುಗಳಿಂದ ಚಿಗುರಿ ಇನ್ನಷ್ಟು ಒತ್ತಾಗುತ್ತದೆ. ಬುಡದ ಕೊಂಬೆಗಳಿಗೆ ಆನೆ ಅಷ್ಟಾಗಿ ಬಾಯಿ ಹಾಕುವುದಿಲ್ಲ. ಅವು ಲಂಗದ ನೆರಿಗೆಯಂತೆ ಸುತ್ತಲೂ ಹರಡಿ ನೆಲ ಮುಟ್ಟುತ್ತವೆ, ಮುಟ್ಟಿದಲ್ಲಿ ಮತ್ತೆ ಬೇರು. ಆ ನೆರಿಗೆಯ ಒಳಗೆ ತರಗೆಲೆ ಕೊಳೆತು ಮಣ್ಣು ತಂಪಾಗಿ, ಮೆತ್ತಗಿರುತ್ತದೆ. ಬೇರೆ ಗಿಡಗಳ ಬೀಜ ಮೊಳೆಯುವುದು ಅಲ್ಲೇ.

ಬೋನ್ಸಾಯ್ ಬೆಳೆಸುವವರು ಇದನ್ನು ಓದಿದರೆ ನಗಬಹುದು. ತುದಿ ಚಿವುಟು, ಕೆಳಗಿನಿಂದ ಚಿಗುರಲು ಬಿಡು, ಕತ್ತರಿಸಿದ ತುಂಡು ಬಿಸಾಡದೆ ನೆಡು. ಅವರು ಮಾಡುವುದೂ ಇಷ್ಟೇ ತಾನೆ?

ಬಂದೂಕು, ಬೇಲಿ

ಆ ಆನೆಗಳಿಗೆ ಏನಾಯಿತು ಎಂಬುದು ಹಾಸನ, ಕೊಡಗಿನ ಓದುಗರಿಗೆ ಅಪರಿಚಿತ ಕಥೆಯಲ್ಲ. ಈಸ್ಟರ್ನ್ ಕೇಪ್‌ನ ಆಡೊ ಪ್ರದೇಶದಲ್ಲಿ ನೀರಾವರಿ ಬಂದು ತೋಟಗಳಾದವು. ಆನೆಗಳು ತೋಟಕ್ಕೆ ಇಳಿದವು, ರೈತರು ಸರ್ಕಾರದ ಬಳಿ ಹೋದರು. ಸರ್ಕಾರ 1919ರಲ್ಲಿ ಮೇಜರ್ ಪಿ.ಜೆ. ಪ್ರಿಟೋರಿಯಸ್ ಎಂಬ ಬೇಟೆಗಾರನನ್ನು ನೇಮಿಸಿತು. ಸುಮಾರು ಒಂದು ವರ್ಷದಲ್ಲಿ ಅವನು ನೂರಕ್ಕೂ ಹೆಚ್ಚು ಆನೆಗಳನ್ನು ಕೊಂದ. ಆಮೇಲೆ ಜನರ ಮನಸ್ಸು ತಿರುಗಿತು. 1931ರಲ್ಲಿ ಆಡೊ ಆನೆ ರಾಷ್ಟ್ರೀಯ ಉದ್ಯಾನ ಘೋಷಣೆಯಾದಾಗ ಅಲ್ಲಿ ಉಳಿದಿದ್ದವು 11 ಆನೆಗಳು.

ಘೋಷಣೆಯಿಂದ ಜಗಳ ನಿಲ್ಲಲಿಲ್ಲ, ಆನೆಗೆ ಗೆಜೆಟ್ ಓದಲು ಬರುವುದಿಲ್ಲವಲ್ಲ. 1954ರಲ್ಲಿ ಉದ್ಯಾನದ ಅಧಿಕಾರಿ ಗ್ರಹಾಂ ಆರ್ಮ್‌ಸ್ಟ್ರಾಂಗ್ ಟ್ರಾಮ್ ಹಳಿಗಳನ್ನು ಕಂಬವಾಗಿ ನೆಟ್ಟು, ಲಿಫ್ಟಿನ ಉಕ್ಕಿನ ಹಗ್ಗ ಬಿಗಿದು, ಆನೆ ದಾಟಲಾಗದ ಬೇಲಿ ಕಟ್ಟಿದ. ನಾಗರಹೊಳೆ ಅಂಚಿನಲ್ಲಿ ಇಂದು ನಿಂತಿರುವ ರೈಲು ಹಳಿಯ ತಡೆಗೋಡೆ ನೋಡಿದವರಿಗೆ ಈ ಬುದ್ಧಿ ಎಲ್ಲಿಯದು ಎಂದು ವಿವರಿಸಬೇಕಿಲ್ಲ. ಬೇಲಿಯೊಳಗೆ ಆಗ ಇದ್ದದ್ದು 22 ಆನೆ. ಈಗ ಆಡೊದಲ್ಲಿ 600ಕ್ಕೂ ಹೆಚ್ಚಿವೆ.

ಆ ಬೇಲಿ ಗೊತ್ತಿಲ್ಲದೆಯೇ ಒಂದು ಪ್ರಯೋಗವೂ ಆಯಿತು. ಒಳಗೆ ಆನೆ ಮೇದ ಸ್ಪೆಕ್‌ಬೂಮ್, ಹೊರಗೆ ರೈತರ ಆಡು ಮೇದ ಸ್ಪೆಕ್‌ಬೂಮ್. ಮಣ್ಣು ಒಂದೇ, ಮಳೆ ಒಂದೇ. ಜಿ.ಸಿ. ಸ್ಟುವರ್ಟ್-ಹಿಲ್ ಎಂಬ ವಿಜ್ಞಾನಿ ಎರಡನ್ನೂ ಹೋಲಿಸಿ 1992ರಲ್ಲಿ ಅಧ್ಯಯನ ಪ್ರಕಟಿಸಿದರು. ಆನೆ ಮೇಲಿನಿಂದ ಮೇಯುತ್ತದೆ, ಆಡು ಕೆಳಗಿನಿಂದ. ವ್ಯತ್ಯಾಸದ ಗುಟ್ಟು ಅಷ್ಟೇ. ಆನೆಯೂ ಇತಿಮಿತಿ ಮೀರಿದರೆ ಕಾಡಿಗೆ ಭಾರವೇ. ಬೇಲಿಯೊಳಗೆ ಆನೆ ಹೆಚ್ಚಿದಂತೆ ಕೆಲವು ಅಪರೂಪದ ಗಿಡಗಳು ಕಡಿಮೆಯಾದದ್ದೂ ಆಡೊದಲ್ಲಿ ಕಂಡಿದೆ. ಆದರೆ ಸ್ಪೆಕ್‌ಬೂಮ್ ಮಟ್ಟಿಗೆ ಆನೆಯ ಬಾಯಿ ತಡೆದುಕೊಳ್ಳಬಹುದಾದ ಬಾಯಿ.

ಆಡು ಮುಟ್ಟದ ಸೊಪ್ಪಿಲ್ಲ

ಆ ಆಡಿನ ಕಥೆಯಲ್ಲಿ ಭಾರತದ ಹೆಸರೂ ಬರುತ್ತದೆ. ಬಾಂಬೆಯ ಸೇನೆಯಲ್ಲಿದ್ದ ಕರ್ನಲ್ ಹೆಂಡರ್ಸನ್ 1838ರಲ್ಲಿ ಟರ್ಕಿಯ ಅಂಗೋರಾ ಆಡುಗಳನ್ನು ದಕ್ಷಿಣ ಆಫ್ರಿಕಾಕ್ಕೆ ತಂದ. ಹನ್ನೆರಡು ಹೋತ, ಒಂದು ಹೆಣ್ಣು. ತಮ್ಮ ತಳಿ ಹೊರದೇಶಕ್ಕೆ ಹೋಗಬಾರದೆಂದು ಟರ್ಕಿಯವರು ಹೋತಗಳನ್ನೆಲ್ಲ ಬೀಜಶಕ್ತಿ ಇಲ್ಲದಂತೆ ಮಾಡಿ ಕಳಿಸಿದ್ದರಂತೆ. ಆದರೆ ಹೆಣ್ಣು ಗಬ್ಬವಾಗಿತ್ತು, ದಾರಿಯಲ್ಲೇ ಗಂಡು ಮರಿ ಹಾಕಿತು. ಅಲ್ಲಿಂದ ತಳಿ ಶುರುವಾಯಿತು ಎಂದು ಅಲ್ಲಿನ ಆಡು ಸಾಕಣೆದಾರರು ಇಂದಿಗೂ ಹೇಳುತ್ತಾರೆ. ಆಮೇಲೆ ಇನ್ನೂ ಆಡುಗಳು ಬಂದವು. ಅಂಗೋರಾ ಆಡಿನ ನುಣುಪಾದ ಕೂದಲೇ ಮೊಹೇರ್. ಇಂದು ಜಗತ್ತಿನ ಮೊಹೇರ್‌ನಲ್ಲಿ ಸುಮಾರು ಅರ್ಧದಷ್ಟು ದಕ್ಷಿಣ ಆಫ್ರಿಕಾದ್ದು, ಅದರಲ್ಲೂ ಈಸ್ಟರ್ನ್ ಕೇಪ್‌ನದ್ದು.

ಬರದಲ್ಲೂ ಹಸಿರಾಗಿರುವ ಸ್ಪೆಕ್‌ಬೂಮ್ ಆಡು ಸಾಕುವವರಿಗೆ ವರವಾಗಿ ಕಂಡಿತು. ಆಡು ಬುಡದ ನೆರಿಗೆಯನ್ನು ತಿಂದಿತು. ನೆಲ ಮುಟ್ಟುತ್ತಿದ್ದ ಕೊಂಬೆಗಳು ಹೋದವು, ಹೊಸ ಬೇರು ನಿಂತಿತು. ನೆರಳು ಹೋಗಿ ಮಣ್ಣು ಕಾದಿತು, ತರಗೆಲೆ ಗಾಳಿಗೆ ಹಾರಿತು, ಮಳೆ ಬಂದಾಗ ಮೇಲ್ಮಣ್ಣು ಕೊಚ್ಚಿತು. ಪೊದೆ ಕೊಡೆಯ ಆಕಾರಕ್ಕೆ ಬಂತು. ಮೇಲೆ ಒಂದಿಷ್ಟು ಹಸಿರು, ಕೆಳಗೆ ಬೋಳು. ಕೆಲವು ವರ್ಷಗಳಲ್ಲಿ ಆ ಕೊಡೆಯೂ ಒಣಗಿತು. ಹೀಗೆ ಹತ್ತು ಲಕ್ಷ ಹೆಕ್ಟೇರಿಗೂ ಹೆಚ್ಚು ಸ್ಪೆಕ್‌ಬೂಮ್ ಕಾಡು ಹಾಳಾಯಿತು. ಆಡು ಮುಟ್ಟದ ಸೊಪ್ಪಿಲ್ಲ ಎನ್ನುವ ನಮಗೆ ಆಡಿನ ಬಾಯಿಯ ಶಕ್ತಿ ಗೊತ್ತು. ಅದು ಒಂದೇ ಕಡೆ ನಿಂತು ತಿಂದರೆ ಏನಾಗುತ್ತದೆ ಎಂಬುದನ್ನು ಈಸ್ಟರ್ನ್ ಕೇಪ್ ತೋರಿಸಿತು.

ಹಾಗೆಂದು ದೂರು ಪೂರ್ತಿ ಆಡಿನ ತಲೆಗೆ ಕಟ್ಟುವುದು ಸರಿಯಾಗದು. ಆ ನೆಲದಲ್ಲಿ ಯುರೋಪಿನವರು ಬರುವ ಮುಂಚೆಯೂ ಖೋಯ್ ಜನರ ಕುರಿ, ದನಗಳಿದ್ದವು. ಅವರು ಮಂದೆಯ ಜೊತೆ ನಡೆಯುತ್ತಿದ್ದರು, ಮೇದ ಜಾಗ ಮತ್ತೆ ಚಿಗುರುವಷ್ಟು ಹೊತ್ತು ಅತ್ತ ತಿರುಗಿ ನೋಡುತ್ತಿರಲಿಲ್ಲ. ವಸಾಹತು ಕಾಲದಲ್ಲಿ ಭೂಮಿ ಹಂಚಿಕೆಯಾಗಿ ತಂತಿಬೇಲಿ ಬಂತು. ಮಂದೆ ವರ್ಷಪೂರ್ತಿ ಒಂದೇ ಬೇಲಿಯೊಳಗೆ ನಿಂತಿತು. ದೂರದ ಗಿರಣಿಗಳಿಗೆ ಮೊಹೇರ್ ಬೇಕಿತ್ತು, ಮಂದೆ ದೊಡ್ಡದಾಗುತ್ತ ಹೋಯಿತು. ಮಳೆಗಾಲ ನೋಡಿಕೊಂಡು ಜಿಲ್ಲೆಯಿಂದ ಜಿಲ್ಲೆಗೆ ನಡೆಯುವ ನಮ್ಮ ಕುರುಬರ ಮಂದೆಗಳನ್ನು, ಹೊಲದಲ್ಲಿ ಕುರಿ ನಿಲ್ಲಿಸಿಕೊಂಡು ಗೊಬ್ಬರಕ್ಕೆ ಪ್ರತಿಯಾಗಿ ಕಾಳುಕಡಿ ಕೊಡುವ ರೈತರನ್ನು ಕಂಡವರಿಗೆ ಈ ವ್ಯತ್ಯಾಸ ಬೇಗ ತಿಳಿಯುತ್ತದೆ. ಕುರಿಗಾರರ ದಾರಿ, ಗೋಮಾಳಗಳು ನಮ್ಮಲ್ಲೂ ಕಿರಿದಾಗುತ್ತಿರುವ ಈ ಹೊತ್ತಿನಲ್ಲಿ ಅಲ್ಲಿನ ಕಥೆ ದೂರದ್ದೆನಿಸುವುದಿಲ್ಲ.

ಕುಂಡದೊಳಗಿನ ಮರ

ಅತ್ತ ಕಾಡು ಕರಗುತ್ತಿರುವಾಗ ಇತ್ತ ಜೇಡ್ ಜಗತ್ತಿನ ಕುಂಡಗಳಿಗೆ ಸೇರುತ್ತಿತ್ತು. ಕುಂಡದಲ್ಲಿ ಮರ ಪಳಗಿಸುವ ಕಲೆ ಬಹಳ ಹಳೆಯದು. ಚೀನಾದಲ್ಲಿ ಕ್ರಿ.ಶ. 706ರ ಹೊತ್ತಿನ ತಾಂಗ್ ರಾಜಕುಮಾರನ ಗೋರಿಯ ಗೋಡೆಯ ಮೇಲೆ ಪುಟ್ಟ ಗಿಡ, ಕಲ್ಲುಗಳಿರುವ ತಟ್ಟೆ ಹಿಡಿದ ಪರಿಚಾರಕರ ಚಿತ್ರವಿದೆ. ಆ ಕಲೆ ಜಪಾನಿಗೆ ಹೋಗಿ ಬೋನ್ಸಾಯ್ ಆಯಿತು. ಬೋನ್ ಎಂದರೆ ತಟ್ಟೆ, ಸಾಯ್ ಎಂದರೆ ನೆಟ್ಟದ್ದು. 1923ರ ಭೂಕಂಪದಲ್ಲಿ ಟೋಕಿಯೊ ನಲುಗಿದಾಗ ಅಲ್ಲಿನ ಬೆಳೆಗಾರರು ಊರು ಬಿಟ್ಟು 1925ರಲ್ಲಿ ಓಮಿಯಾದಲ್ಲಿ ಬೋನ್ಸಾಯ್ ಹಳ್ಳಿಯನ್ನೇ ಕಟ್ಟಿದರು.

ಆದರೆ ಜಪಾನಿನ ಪೈನ್, ಜುನಿಪರ್, ಮೇಪಲ್‌ಗಳಿಗೆ ಚಳಿಗಾಲದ ನಿದ್ದೆ ಬೇಕು. ಬಿಸಿ ನಾಡಿನವರು ಏನು ಮಾಡಬೇಕು? ಅಮೆರಿಕದ ಫ್ಲೋರಿಡಾದಲ್ಲಿ ಜಿಮ್ ಸ್ಮಿತ್ ದಶಕಗಳ ಕಾಲ ಪೋರ್ಚುಲಕೇರಿಯಾ, ಅತ್ತಿ-ಆಲದ ಜಾತಿಯ ಗಿಡಗಳನ್ನು ಪಳಗಿಸಿ, ಉಷ್ಣವಲಯದ ಗಿಡಗಳಿಂದಲೂ ಗಂಭೀರ ಬೋನ್ಸಾಯ್ ಸಾಧ್ಯ ಎಂದು ತೋರಿಸಿದರು. ಅವರ ಸಂಗ್ರಹ ಫೋರ್ಟ್ ಪಿಯರ್ಸ್‌ನ ಹೀತ್‌ಕೋಟ್ ಸಸ್ಯೋದ್ಯಾನದಲ್ಲಿದೆ. ದಕ್ಷಿಣ ಆಫ್ರಿಕಾದ ಚಾರ್ಲ್ಸ್ ಸೆರೊನಿಯೊ ಇನ್ನೊಂದು ಹೆಜ್ಜೆ ಇಟ್ಟರು. ಜಪಾನಿನ ಪೈನ್ ಮರವನ್ನೇ ಯಾಕೆ ಅನುಕರಿಸಬೇಕು, ನಮ್ಮ ಬಯಲಿನ ಮರ ನೋಡಿ ಕಲಿಯೋಣ ಎಂದು ಬಾವೊಬಾಬ್ ಶೈಲಿ, ಪಿಯರ್ನೀಫ್ ಶೈಲಿ ಮುಂತಾದ ಆಫ್ರಿಕದ ಆಕಾರಗಳನ್ನು ಮುಂದಿಟ್ಟರು. ಎರಡನೆಯದು ಚಿತ್ರಕಾರ ಜೆ.ಎಚ್. ಪಿಯರ್ನೀಫ್ ಬಿಡಿಸುತ್ತಿದ್ದ, ಕೊಡೆ ಬಿಚ್ಚಿದಂಥ ಮರಗಳ ನೆನಪಿನದು. ಇಲ್ಲೊಂದು ವಿಪರ್ಯಾಸವಿದೆ. ಕುಂಡದಲ್ಲಿ ಕಣ್ಣಿಗೆ ಹಬ್ಬವಾಗುವ ಕೊಡೆಯ ಆಕಾರ ಆಡು ಮೇದ ಕಣಿವೆಯಲ್ಲಿ ಸ್ಪೆಕ್‌ಬೂಮಿನ ಕೊನೆಗಾಲದ ಗುರುತು.

ನಮ್ಮ ಅಂಗಳದಲ್ಲಿ

ನಮ್ಮ ಊರುಗಳಿಗೆ ಜೇಡ್ ನರ್ಸರಿಯಿಂದ ಬಂದಿರಬಹುದು, ಹಬ್ಬಿದ್ದು ಮಾತ್ರ ಕೈಯಿಂದ ಕೈಗೆ. ನೆಂಟರ ಮನೆಯಿಂದ ಮುರಿದು ತಂದ ಕಡ್ಡಿ, ಪಕ್ಕದ ಮನೆಯ ಅಕ್ಕ ಕೊಟ್ಟ ತುಂಡು. ಕದ್ದು ತಂದ ಗಿಡ ಚೆನ್ನಾಗಿ ಬರುತ್ತದೆ ಎಂಬ ಮಾತು ಈ ಗಿಡದ ವಿಷಯದಲ್ಲಿ ಸುಳ್ಳಾಗುವುದೇ ಅಪರೂಪ, ಏಕೆಂದರೆ ಮುರಿದರೆ ಬದುಕುವುದನ್ನು ಅದು ಆನೆಯ ಕಾಲದಿಂದಲೇ ರೂಢಿಸಿಕೊಂಡಿದೆ.

ಅದನ್ನು ಬೋನ್ಸಾಯ್ ಮಾಡುವ ಕ್ರಮಕ್ಕೂ ಆ ಚರಿತ್ರೆಯೇ ಆಧಾರ. ಗೇಣುದ್ದದ ಕಡ್ಡಿ ಮುರಿದ ಕೂಡಲೇ ನೆಡಬೇಡಿ. ನಾಲ್ಕೈದು ದಿನ ನೆರಳಲ್ಲಿಟ್ಟು ಗಾಯ ಒಣಗಿಸಿ, ಇಲ್ಲವಾದರೆ ಕೊಳೆಯುತ್ತದೆ. ಬರಿಯ ಕೆಂಪುಮಣ್ಣು ಗಟ್ಟಿಯಾಗಿ ನೀರು ನಿಲ್ಲುತ್ತದೆ. ಜಲ್ಲಿಯ ಸಣ್ಣ ಚೂರು, ಇಟ್ಟಿಗೆ ಪುಡಿ, ದಪ್ಪ ಮರಳು ಹೆಚ್ಚಿರಲಿ, ಹಳೆಯ ಕೊಟ್ಟಿಗೆ ಗೊಬ್ಬರ ಸ್ವಲ್ಪ ಸಾಕು. ಬೊಡ್ಡೆ ದಪ್ಪವಾಗಬೇಕಿದ್ದರೆ ಮೊದಲ ಕೆಲವು ವರ್ಷ ಚಪ್ಪಟೆ ಕುಂಡದ ಆಸೆ ಬಿಡಿ. ನೆಲದಲ್ಲೋ ದೊಡ್ಡ ಕುಂಡದಲ್ಲೋ ಮನಸೋಇಚ್ಛೆ ಬೆಳೆಯಲಿ. ಬೆಳೆಯದ ಗಿಡವನ್ನು ಕತ್ತರಿಸಿ ಆಕಾರ ತರಲಾಗದು.

ಈ ಗಿಡದಲ್ಲಿ ಎಲೆಗಳು ಜೋಡಿಯಾಗಿ ಬರುತ್ತವೆ. ಒಂದು ಜೋಡಿ ಎಡ-ಬಲಕ್ಕಿದ್ದರೆ ಮುಂದಿನದು ಹಿಂದೆ-ಮುಂದಕ್ಕೆ. ಯಾವ ಜೋಡಿಯ ಮೇಲೆ ಕತ್ತರಿಸುತ್ತೀರೋ ಆ ದಿಕ್ಕಿಗೆ ಎರಡು ಚಿಗುರು. ಅಂದರೆ ಮುಂದಿನ ಕೊಂಬೆ ಎತ್ತ ಹೋಗಬೇಕೆಂದು ಇವತ್ತೇ ಗೊತ್ತುಮಾಡಬಹುದು. ಗೆಣ್ಣಿಗೆ ತೀರಾ ತಾಗಿಸದೆ ಚೂರು ಬಿಟ್ಟು ಕತ್ತರಿಸಿ, ಉಳಿದ ತುದಿ ಒಣಗಿ ತಾನೇ ಉದುರುತ್ತದೆ. ಚೀನಾದ ಗುವಾಂಗ್‌ಝೌ ಸುತ್ತಲಿನ ಲಿಂಗ್‌ನಾನ್ ಪಂಥದವರು ತಂತಿ ಸುತ್ತುವುದಕ್ಕಿಂತ ಬೆಳೆಸಿ-ಕತ್ತರಿಸುವ ಈ ಕ್ರಮವನ್ನೇ ನೆಚ್ಚಿದವರು. ಜೇಡ್‌ಗೂ ಅದೇ ಸೂಕ್ತ. ತಂತಿ ಸುತ್ತಲೇಬೇಕೆಂದರೆ ಪದೇ ಪದೇ ನೋಡುತ್ತಿರಿ, ಮೆತ್ತನೆ ಕಾಂಡದಲ್ಲಿ ಬೇಗ ಗುರುತು ಬೀಳುತ್ತದೆ. ಬೇರು ಸವರಿ ಕುಂಡ ಬದಲಿಸಿದ ಮೇಲೆ ಒಂದು ವಾರ ನೀರು ಬೇಡ. ಆಮೇಲೂ ಮಣ್ಣು ಒಣಗಿದ ಮೇಲಷ್ಟೇ ನೀರು. ಎಲೆ ತುಸು ಸುಕ್ಕಾಯಿತೆಂದರೆ ಅದೇ ಕರೆ. ಬಯಲುಸೀಮೆಯ ಬಿಸಿಲು ಇದಕ್ಕೆ ತವರಿನಂತೆ. ಮಲೆನಾಡು, ಕರಾವಳಿಯವರು ಮಳೆಗಾಲದಲ್ಲಿ ಸೂರಿನಡಿ ಇಡಬೇಕು.

ಇಷ್ಟೂ ಹೇಳಿದ ಮೇಲೆ ಹಿಂಸೆಯ ಪ್ರಶ್ನೆಗೆ ನಮ್ಮ ಉತ್ತರ ಇದು. ಈ ಗಿಡ ಕತ್ತರಿಗೆ ಹೆದರುವುದಿಲ್ಲ. ಎಲ್ಲಿ ಕತ್ತರಿಸಿದರು, ಎಷ್ಟು ಉಳಿಸಿದರು, ಮತ್ತೆ ಚಿಗುರಲು ಎಷ್ಟು ದಿನ ಬಿಟ್ಟರು ಎಂಬುದರ ಮೇಲೆ ಅದರ ಬದುಕು ನಿಂತಿದೆ. ಬುಡ ಬೋಳಿಸಿ, ವಿಶ್ರಾಂತಿ ಕೊಡದೆ, ವರ್ಷದೊಳಗೆ ಮಾರಾಟಕ್ಕೆ ಸಿದ್ಧವಾಗಬೇಕೆಂದು ಅವಸರಿಸುವವರ ಕತ್ತರಿಗೂ ಬೇಲಿಯೊಳಗಿನ ಆಡಿನ ಬಾಯಿಗೂ ಹೆಚ್ಚು ವ್ಯತ್ಯಾಸವಿಲ್ಲ.

ಕಡ್ಡಿ ನೆಟ್ಟು ಕಾಡು

ಈಸ್ಟರ್ನ್ ಕೇಪ್‌ನಲ್ಲಿ ಈ ಶತಮಾನದ ಆರಂಭದಿಂದ ಸರ್ಕಾರ, ವಿಜ್ಞಾನಿಗಳು, ಹಳ್ಳಿಗಳ ಕೂಲಿಕಾರರು ಸೇರಿ ಹಾಳಾದ ಕಣಿವೆಗಳಲ್ಲಿ ಸ್ಪೆಕ್‌ಬೂಮ್ ಮರಳಿ ನೆಡುತ್ತಿದ್ದಾರೆ. ವಿಧಾನ ನಮ್ಮ ಅಂಗಳದ್ದೇ. ಬದುಕಿರುವ ಪೊದೆಯಿಂದ ಕಡ್ಡಿ ಕತ್ತರಿಸಿ ನೇರ ನೆಲಕ್ಕೆ. ಬಾವಿಯಾನ್ಸ್‌ಕ್ಲೂಫ್ ಕಣಿವೆ, ಆಡೊ ಉದ್ಯಾನದ ಹಳೆ ಆಡಿನ ದೊಡ್ಡಿಗಳಲ್ಲಿ ಇದು ದೊಡ್ಡ ಪ್ರಮಾಣದಲ್ಲಿ ನಡೆದಿದೆ. ಇಂಗಾಲ ಹೀರುವ ಗಿಡ ಎಂಬ ಹೆಸರೂ ಬಂದು, ಒಂದು ಸ್ಪೆಕ್‌ಬೂಮ್ ನೆಟ್ಟರೆ ಹವಾಮಾನವೇ ಸರಿಹೋಗುತ್ತದೆ ಎಂಬಂಥ ಉತ್ಪ್ರೇಕ್ಷೆಗಳೂ ಹರಡಿದವು.

ನೆಲ ಮಾತ್ರ ಅಷ್ಟು ಸುಲಭಕ್ಕೆ ಒಲಿಯಲಿಲ್ಲ. ನೆಟ್ಟವುಗಳಲ್ಲಿ ಬಹುಪಾಲು ಉಳಿಯಲಿಲ್ಲ. ಕೆಲವೆಡೆ ಕಣಿವೆಯ ತಳದಲ್ಲಿ ಇಬ್ಬನಿ ಹೆಪ್ಪುಗಟ್ಟುವ ಚಳಿಗೆ ಸತ್ತವು, ಕೆಲವೆಡೆ ಬೇರೂರುವ ಮುಂಚೆಯೇ ಪ್ರಾಣಿಗಳು ಮೇದುಹೋದವು. ಕುಂಡದಲ್ಲಿ ಯಾರು ನೆಟ್ಟರೂ ಬದುಕುವ ಕಡ್ಡಿ ತನ್ನ ಸ್ವಂತ ನೆಲದಲ್ಲೇ ಸಾಯುತ್ತದೆ, ಏಕೆಂದರೆ ಅಲ್ಲಿ ಹೋಗಿದ್ದು ಬರಿಯ ಗಿಡವಲ್ಲ, ಗಿಡದ ಕೆಳಗಿದ್ದ ನೆರಳು, ತರಗೆಲೆ, ತಂಪು ಮಣ್ಣು. ಅದು ಮರಳಿ ಕೂಡಿಕೊಳ್ಳಲು ದಶಕಗಳು ಬೇಕು. ಹಾಗೆ ಬೇರು ಹಿಡಿದ ಜಾಗಗಳಲ್ಲಿ ಪೊದೆ ಮತ್ತೆ ನೆಲ ಮುಟ್ಟಿದೆ, ಅದರಡಿ ಮಣ್ಣು ಮತ್ತೆ ತಂಪಾಗುತ್ತಿದೆ.

ನಿಮ್ಮ ಕುಂಡದ ಜೇಡ್ ಆ ಕಾಡಿಗೆ ಹಿಂತಿರುಗಬೇಕಿಲ್ಲ. ಆದರೆ ಮುಂದಿನ ಸಲ ಸವರಿದಾಗ ಬಿದ್ದ ತುಂಡುಗಳನ್ನು ಗುಡಿಸಿ ಎಸೆಯಬೇಡಿ. ನಾಲ್ಕು ದಿನ ಒಣಗಿಸಿ, ಯಾರಿಗಾದರೂ ಕೊಡಿ. ಕೊಡುವಾಗ ಅದರ ಹೆಸರನ್ನೂ, ಅದು ಬಂದ ಊರನ್ನೂ ಹೇಳಿ ಕೊಡಿ.